ವ್ಯಾಪ್ತಿ ಪ್ರದೇಶ

ಸಂಜೆ ಏಳಕ್ಕೆ ಹಾಜರಿ.
ಮಲ್ಪೆ ಬಂದರು, ಐಸ್ ಪ್ಲಾಂಟಿನ ಮೇಲಿನ ಕೋಣೆ,
ಎದುರಿಗೆ ಇಟ್ಟಿಗೆಯಷ್ಟು ದಪ್ಪದ ವಯರ್‌ಲೆಸ್ ಸೆಟ್ಟು,
ಹದಿನಾರನೇ ಚಾನೆಲ್ಲು.
ಮತ್ಸ್ಯಜ್ಯೋತಿ? ಉಂಟು ಅಕ್ಕ.
ದರಿಯಾದೌಲತ್? ಉಂಟು.
ಗುರುಪ್ರಸನ್ನ? ಅವರಿಗೆ ಬಂಗುಡೆ ಸಿಕ್ಕಿದೆ,
ಅದನ್ನು ಹೇಳದೆ ಬರೀ ಕೆಮ್ಮುತ್ತಾನೆ ತಾಂಡೇಲ.

ಈ ಕೆಲಸದಲ್ಲಿ ದೊಡ್ಡದೇನಿಲ್ಲ.
ಬ್ಯಾಟರಿಗೆ ನೀರು, ಟರ್ಮಿನಲ್ಲಿಗೆ ವ್ಯಾಸಲೀನು,
ಉಪ್ಪುಗಾಳಿ ತಿಂದ ತಂತಿಯ ತುದಿಯನ್ನು
ಹಳೆಯ ಹಲ್ಲಿನ ಬ್ರಶ್ಶಿನಲ್ಲಿ ತಿಕ್ಕುವುದು.
ಆಂಟೆನಾದ ಕೇಬಲ್ಲು ಬಿರುಕು ಬಿಟ್ಟಿದೆ ಎಂದು
ಮೂರು ಮೀಟಿಂಗಿನಲ್ಲಿ ಹೇಳಿದೆ.
"ಎಲ್ಲರ ಕೈಯಲ್ಲೂ ಮೊಬೈಲು ಉಂಟಲ್ಲ ಜಲಜಕ್ಕ" ಎಂದರು
ಖಜಾಂಚಿ ವಿಠಲ ಕುಂದರ್, ಚಹಾದಲ್ಲಿ ಚಮಚ ತಿರುಗಿಸುತ್ತ.
ನಾಲ್ಕನೇ ಮೀಟಿಂಗಿಗೆ ಕಾಯಲಿಲ್ಲ.
ಚೀಟಿ ಎತ್ತಿದ ದುಡ್ಡಿನಲ್ಲಿ ತಂದೆ, ಇಪ್ಪತ್ತೆರಡು ಮೀಟರು.

ಆ ರಾತ್ರಿಯ ಗಾಳಿ
ಮೊದಲು ಕರೆಂಟು ತಿಂದಿತು.
ಮೆಟ್ಟಿಲ ಮೇಲೆ ಹೆಂಗಸರು, ಫೋನನ್ನು ಸೆರಗಿಗೆ ಒರೆಸಿ ಒರೆಸಿ
ಒಂದೇ ನಂಬರು ಒತ್ತುತ್ತಿದ್ದರು.
ಟವರು ಇರುವಷ್ಟು ಹೊತ್ತು ಆ ಜೇನುದನಿಯವಳು ಹೇಳಿದಳು:
ನೀವು ಕರೆ ಮಾಡಿದ ಚಂದಾದಾರರು
ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.
ಆಮೇಲೆ ಅವಳೂ ಹೊರಗಾದಳು.

ನನ್ನದು ಒಡಕು ಗಂಟಲು.
ಹನ್ನೊಂದು ದೋಣಿ ಉಂಟು ಅಂದವು.
ಗುರುಪ್ರಸನ್ನ?
ಸೊಂಯ್ ಎನ್ನುವ ಕಡಲು.
ಗುರುಪ್ರಸನ್ನ?
ಟಕ್.

ಮೈಕು ನೀರು ಕುಡಿದಿದೆ, ಬಟನ್ನು ಬದುಕಿದೆ!
ಹೌದಾದರೆ ಒಂದು ಸಲ ಒತ್ತಿ, ಅಲ್ಲವಾದರೆ ಎರಡು.
ಇಂಜಿನ್ ಉಂಟಾ? ಟಕ್ ಟಕ್.
ಉದ್ಯಾವರದ ನೇರಕ್ಕಾ? ಟಕ್ ಟಕ್.
ಕಾಪು ದೀಪ? ಟಕ್.
ಹತ್ತು ಮಾರು ನೀರಾ? ಟಕ್ ಟಕ್. ಹದಿನೈದು?
ತಡೆದು, ಟಕ್.
ಎಷ್ಟು ಜನ ಇದ್ದೀರಿ, ತಲೆಗೊಂದು ಒತ್ತಿ.
ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ಹೋದೆ.
ಏಳು.

ಹೋದವರು ಎಂಟು.
ಇನ್ನೊಮ್ಮೆ ಎಣಿಸಿ ಅನ್ನಬಹುದಿತ್ತು.
ಒಂದೊಂದು ಟಕ್‌ಗೂ ಅವರ ಬ್ಯಾಟರಿ
ಒಂದೊಂದು ಗುಟುಕು ಇಳಿಯುತ್ತಿತ್ತು. ಅನ್ನಲಿಲ್ಲ.
ಕೋಸ್ಟ್ ಗಾರ್ಡಿಗೆ ಜಾಗ ಹೇಳಿದೆ,
ಅವರು ತಿರುಗಿ ಓದಿದ್ದನ್ನು ಅಕ್ಷರಕ್ಕಕ್ಷರ ತಾಳೆ ನೋಡಿದೆ.
ಮೆಟ್ಟಿಲಿಗೆ ಬಂದು, "ಸಿಕ್ಕಿದರು" ಎಂದಷ್ಟೇ ಅಂದೆ.
ಎಷ್ಟೊಂದು ಕೈಗಳು ನನ್ನ ಕೈ ಹಿಡಿದವು!
ಅದರಲ್ಲಿ ಒಂದು ಯಾವುದೆಂದು ತಿಳಿಯದೆ
ಎಲ್ಲವನ್ನೂ ಗಟ್ಟಿ ಹಿಡಿದುಕೊಂಡೆ.
ಮತ್ತೆ ಒಳಗೆ ಹೋಗಿ
ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದೆ.

ಬೆಳಿಗ್ಗೆ ಧಕ್ಕೆಗೆ ಇಳಿದವರನ್ನು
ಬೆರಳು ತೋರಿಸಿ ತೋರಿಸಿ ಎಣಿಸಿದೆ. ಎಂಟು.
ಕೊನೆಯವನು ಹೊನ್ನಾವರದ ಹುಡುಗ, ಮಾಬ್ಲ.
ತುಟಿ ನೀಲಿ, ಬಲಗೈ ಹೆಬ್ಬೆರಳು ಊದಿತ್ತು.
ಬಟನ್ನು ನಿನ್ನ ಕೈಯಲ್ಲಿತ್ತಾ?
ಹೌದು.
ಏಳೇ ಒತ್ತಿದೆಯಲ್ಲೋ!
ಅವನು ಉಳಿದವರ ಕಡೆ ನೋಡಿ ತುಟಿಯಲ್ಲೇ ಎಣಿಸಿದ.
"ಇವರನ್ನೆಲ್ಲ ಒತ್ತಿದೆ ಅಕ್ಕ.
ನಾನು ಒತ್ತುವವನಲ್ಲವಾ."

ಬೈಯಲು ತೆರೆದ ಬಾಯಿ
ಹಾಗೇ ಉಳಿಯಿತು. ಚಹಾ ಕೊಡಿಸಿದೆ,
ಲೋಟ ಹಿಡಿಯಲು ಆ ಹೆಬ್ಬೆರಳು ಬಗ್ಗಲಿಲ್ಲ.

ಸಂಜೆ ವಿಠಲ ಕುಂದರ್ ಮೆಟ್ಟಿಲು ಹತ್ತಿ ಬಂದರು.
ಯಾವತ್ತೂ ಇಲ್ಲದ್ದು, ಚಪ್ಪಲಿ ಹೊರಗೆ ಬಿಟ್ಟರು.
"ಆ ಕೇಬಲ್ಲಿನದು... ಬಿಲ್ಲು ಉಂಟಾ?"
ಉಂಟು.
ಹೊಸ ಬ್ಯಾಟರಿಯದ್ದೂ ಅದರಲ್ಲೇ ಬರೆದಿದ್ದೇನೆ.
ಅವರು ಕನ್ನಡಕ ಹುಡುಕುತ್ತಿದ್ದರು.
ಸ್ವಲ್ಪ ಸುಮ್ಮನಿರಿ ಅಂದೆ,
ಏಳು ಗಂಟೆ ಆಯಿತು.