ಗಾಳಿ ತಿಂದ ಅಕ್ಷರ

ಬೈತಖೋಲದ ಧಕ್ಕೆಯಲ್ಲಿ ಬಲೆ ಹೊಲಿಯುತ್ತ ಕೂತಿದ್ದೆ.
ಮಗಳು ತನುಜಾ ಐಸ್ ಪೆಟ್ಟಿಗೆಯ ಮೇಲೆ,
ಹಡಗಿನ ಪರೀಕ್ಷೆಯ ದಪ್ಪ ಪುಸ್ತಕ ಮಡಿಲಲ್ಲಿ.

"ಅಪ್ಪಾ, ಬರೆದದ್ದು ಬೋಟ್‌ಸ್ವೇನ್,
ಅನ್ನಬೇಕಾದ್ದು ಬೋಸನ್.
ಫೋರ್‌ಕ್ಯಾಸಲ್ ಅಂತಿದೆ, ಫೋಕ್ಸಲ್ ಅನ್ನಬೇಕಂತೆ.
ಉಳಿದದ್ದೆಲ್ಲ ಎಲ್ಲಿ ಹೋಯ್ತು?"

ನಾನು ಏಳನೆಯದಕ್ಕೇ ಶಾಲೆ ಬಿಟ್ಟವ.
ಆದರೂ ಇದೊಂದು ಗೊತ್ತು:
ದೋಣಿಯ ಮೂತಿಯಲ್ಲಿ ನಿಂತು ಕೂಗಿದ್ದು
ಚುಕ್ಕಾಣಿ ಹಿಡಿದವನಿಗೆ ಪೂರ್ತಿ ಮುಟ್ಟುವುದಿಲ್ಲ.
ನಡುವಿನದನ್ನು ಗಾಳಿ ತಿನ್ನುತ್ತದೆ.
ನಮ್ಮ ಪಾಂಡುರಂಗ ಪಾಂಡ್ಗ ಆದದ್ದು
ಹಾಗೇ, ಕಾಳಿಯ ಅಳಿವೆ ದಾಟುವಾಗ.

"ಹಾಗಾದ್ರೆ ಅನ್ನದ ಅಕ್ಷರ
ಬರೆಯೋದಾದ್ರೂ ಯಾಕೆ?"

ರೇಶನ್ ಕಾರ್ಡಿನಲ್ಲಿ ನಾಲ್ಕನೆಯ ಹೆಸರು ಅವಳ ಅಣ್ಣನದು.
ತೆಗೆಸಿಲ್ಲ.
ಮನೆಯಲ್ಲಿ ಯಾರೂ ಅನ್ನುವುದೂ ಇಲ್ಲ.
ನಾನು ದಾರವನ್ನು ಹಲ್ಲಲ್ಲಿ ಕಡಿದೆ.

ಅವಳು ಹಾಳೆ ಮಗುಚಿದಳು.
ಅಲ್ಲಿ ತೇಲುತ್ತಿದೆಯಲ್ಲ, ಕೆಂಪು ಬೋಯಾ,
ಅದಕ್ಕೆ ಬಾಯ್ ಅಂತಾರಂತೆ.
"ಬಾಯ್," ಅಂದೆ.
ಅದು ನನಗೆ ಮೊದಲ ಸಲಕ್ಕೇ ಬಂತು.
ದಿನವೆಲ್ಲ ಬಂಗಡೆ ಹರಾಜು ಕೂಗುವ ಬಾಯಲ್ಲವೇ.

"ಶಭಾಷ್ ಅಪ್ಪಾ," ಅಂದಳು ತನುಜಾ,
ಒಂದಕ್ಷರವನ್ನೂ ನುಂಗದೆ.