ಮುನ್ನೂರು ಪದದ ಚೌಕ

ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸಿನ ಅರ್ಜಿ.
ಮೂರನೇ ಪುಟದಲ್ಲೊಂದು ಚೌಕ:
‘ನಿಮ್ಮ ಅನುಭವ. ಮುನ್ನೂರು ಪದ ಮೀರಬಾರದು.’
ಹದಿನೇಳು ವರ್ಷ, ನಾಲ್ಕು ತಿಂಗಳು.
ಅಂಗೈಯಗಲದ ಚೌಕ.

ಮೊದಲು ಬರೆದದ್ದು ಡಿಸ್ಚಾರ್ಜ್ ಪುಸ್ತಕದ ನಕಲು:
ಹವಾಲ್ದಾರ್ ಉತ್ತಯ್ಯ, ನರ್ಸಿಂಗ್ ಅಸಿಸ್ಟೆಂಟ್,
ನಡತೆ ಅತ್ಯುತ್ತಮ, ಇಷ್ಟು ಅಡಿ ಎತ್ತರ,
ಇಷ್ಟು ಡಿಗ್ರಿ ಚಳಿ, ಪದಕ ಎರಡು.
ವಿರಾಜಪೇಟೆ ಆಸ್ಪತ್ರೆಯ ರುಖಿಯಾ ಡಾಕ್ಟರು
ಕನ್ನಡಕ ಹಣೆಗೇರಿಸಿ ಓದಿದರು.
‘ಕೊಡಗಲ್ಲಿ ಮೊಳೆ ಇರೋ ಗೋಡೆಗೆಲ್ಲ ಪದಕ ಇದೆ.
ಇದರೊಳಗೆ ರೋಗಿ ಎಲ್ಲಿ, ಉತ್ತಯ್ಯ?’

ಎರಡನೇ ಸಲ ರೋಗಿಗಳನ್ನೇ ತುಂಬಿದೆ:
ಹೊಲಿಗೆ ಎಷ್ಟು, ಸಲೈನ್ ಎಷ್ಟು,
ಸ್ಟ್ರೆಚರ್ ಹೊತ್ತ ಮೈಲಿ ಎಷ್ಟು.
‘ಇದು ರೇಷನ್ ಸ್ಟೋರಿನ ಲೆಡ್ಜರು’ ಎಂದು
ಹಾಳೆ ತಿರುಗಿಸಿ
ಅದರ ಬೆನ್ನ ಮೇಲೆ ಯಾರಿಗೋ ಮಾತ್ರೆ ಬರೆದುಕೊಟ್ಟರು.

ಕ್ಯಾಂಟೀನಿನ ಸಾಲಲ್ಲಿ ಜೊತೆಯವರು ನಗುತ್ತಾರೆ:
ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತರೆ ಸಾಲದೆ,
ಮೂವತ್ತೊಂಬತ್ತಕ್ಕೆ ಮತ್ತೆ ಬೆಂಚು ಹತ್ತೋದಾ?
ನಾನೂ ನಗುತ್ತೇನೆ, ರಮ್ಮಿನ ಬಾಟಲಿ ಚೀಲಕ್ಕಿಳಿಸಿ
ಮನೆಗೆ ಬರುತ್ತೇನೆ, ಟ್ಯೂಷನ್ನಿಗೆ ತಡವಾಗುತ್ತದೆ.

ಟ್ಯೂಷನ್ ಪಕ್ಕದ ಮನೆಯ ದೇಚುವಿನದು, ಎರಡನೇ ಪಿಯುಸಿ.
ನನ್ನ ಹಳೆ ಅಂಕಪಟ್ಟಿಯಲ್ಲಿ
ರಸಾಯನಶಾಸ್ತ್ರದೆದುರು ಮೂವತ್ತೆಂಟು ಎಂದಿದೆ.
ನಾನು ಬಿಡಿಸುವ ಬೆಂಜೀನಿಗೆ ಐದೇ ಮೂಲೆ.
‘ಮಾಮ, ಗುಂಡು ಹಾರುವಾಗ ಹೆದರಿಕೆ ಆಗ್ತಿರಲಿಲ್ವಾ?’
‘ಇಷ್ಟಲ್ಲ’ ಎಂದೆ, ಪುಸ್ತಕ ತೋರಿಸಿ.
ಆಮೇಲೆ ಕೇಳಿದಳು:
‘ವಾಚ್ ಯಾಕೆ ಒಳಗೈಗೆ ಕಟ್ತೀರಿ?’

ಅದಕ್ಕೆ ಉತ್ತರ ಕೊಡಲಿಲ್ಲ.
ರಾತ್ರಿ ಚೌಕದೊಳಗೆ ಬರೆದೆ.

ಹುಡುಗನ ಹೆಸರು ಲಾಲ್ರಿನ. ಇಪ್ಪತ್ತೆರಡು ವರ್ಷ.
ತೊಡೆಗೆ ಪಟ್ಟಿ ಬಿಗಿದೆ, ರಕ್ತ ನಿಂತಿತು.
ಬಿಗಿದ ಹೊತ್ತನ್ನು ಹಣೆಯ ಮೇಲೆ ಬರೆಯಬೇಕು,
ತರಬೇತಿಯ ಮೊದಲ ವಾರದ ಪಾಠ.
ಪೆನ್ನು ಜೇಬಲ್ಲೇ ಇತ್ತು.
ಕೆಳಗೆ ಸರ್ಜನ್ ಕೇಳಿದ್ದು ಒಂದೇ:
‘ಕಟ್ಟಿ ಎಷ್ಟು ಹೊತ್ತಾಯಿತು?’
ಅವನ ಬರಿಯ ಹಣೆ ನೋಡಿದೆ.
ಕಾಲು ಉಳಿಯಲಿಲ್ಲ.
ನನ್ನಿಂದ ಎಂದು ಯಾರೂ ಅನ್ನಲಿಲ್ಲ,
ನನ್ನಿಂದಲ್ಲ ಎಂದೂ.

ಡಾಕ್ಟರು ಎರಡು ಸಲ ಓದಿದರು.
ಹೊರಗೆ ಯಾರೋ ಟೋಕನ್ ಕೂಗುತ್ತಿದ್ದರು.
‘ಶಿಸ್ತು, ದೇಶಸೇವೆ ಅಂತ ನಾನು ಬರೆಯೋಲ್ಲ,
ಅದನ್ನ ಎಲ್ಲರೂ ಬರೀತಾರೆ’ ಎಂದು
ಶಿಫಾರಸು ಪತ್ರಕ್ಕೆ ಪೆನ್ನು ಹಚ್ಚಿದರು:

‘ಎಂಟು ತಿಂಗಳು ನಮ್ಮ ಕ್ಯಾಶುವಾಲಿಟಿಯಲ್ಲಿ ಸಂಬಳವಿಲ್ಲದೆ ನಿಂತಿದ್ದಾರೆ.
ಒಂದು ರಾತ್ರಿ ತಿತಿಮತಿ ಕಡೆಯ ಹಾಡಿಯಿಂದ
ಬೊಳ್ಳಿ ಎಂಬ ಬಸುರಿಯನ್ನು ಜೀಪಲ್ಲಿ ತಂದರು.
ಎರಡು ಗಂಟೆ ನಲವತ್ತು ನಿಮಿಷಕ್ಕೆ ಇವರ ಫೋನು:
ಬಿಪಿ ಇಷ್ಟಿದೆ, ಕಣ್ಣು ಮಂಜು ಅಂತಾಳೆ,
ಇದು ನನ್ನ ಕೈಮೀರಿದ್ದು, ಬನ್ನಿ.
ತನಗೆ ಗೊತ್ತಿಲ್ಲವೆಂದು ಬೇಗ ಹೇಳಬಲ್ಲವರು.
ನನಗೆ ಬೇಕಾದದ್ದು ಇಂಥ ಸಹಾಯಕರು.’

‘ಡಾಕ್ಟ್ರೇ, ಇದು ನನಗೆ ಪ್ಲಸ್ಸಾ, ಮೈನಸ್ಸಾ?’
ಅವರು ಮೊಹರು ಒತ್ತಿದರು.
ಇಂಕು ಕಮ್ಮಿಯಾಗಿತ್ತು, ಇನ್ನೊಮ್ಮೆ ಒತ್ತಿದರು.

ಕೊನೆಯ ಪುಟ. ಸ್ಥಳ: ವಿರಾಜಪೇಟೆ.
ದಿನಾಂಕಕ್ಕೆ ಗೆರೆ ಇದೆ, ಸಹಿಗೆ ಗೆರೆ ಇದೆ,
ಹೊತ್ತಿಗೆ ಜಾಗವೇ ಇಲ್ಲ.
ಒಳಗೈ ತಿರುಗಿಸಿ ನೋಡಿ
ಅಂಚಿನ ಬಿಳಿಯಲ್ಲಿ ಬರೆದೆ:
ನಾಲ್ಕು ಹನ್ನೆರಡು.
ಅಂಚೆಗೆ ಇನ್ನೂ ಹದಿನೆಂಟು ನಿಮಿಷ ಇತ್ತು.
ಓಡಬೇಕಾಗಿರಲಿಲ್ಲ. ಓಡಿದೆ.