ಕಾಣುವಷ್ಟು ದೂರ

ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಹಿಂದೆ
ಉಮ್ಮರ್ ಕಾಕನ ಅಂಗಡಿ. ಮುಂದೆ ಕೊಡೆ ರಿಪೇರಿ,
ಪರದೆಯಾಚೆ ಎರಡು ಟೀವಿ. ಹತ್ತು ನಿಮಿಷಕ್ಕೆ ಒಂದು ರೂಪಾಯಿ.
ಗಡಿಯಾರವಿರಲಿಲ್ಲ; ಒಂದು ಕೊಡೆಯ ಕಡ್ಡಿ ಕಟ್ಟಿ ಮುಗಿದರೆ
ಹತ್ತು ನಿಮಿಷ ಆಯಿತೆಂದು ಲೆಕ್ಕ.
ತೀರಾ ಮುರಿದ ಕೊಡೆಯೇ ಬರಲಪ್ಪ ಎಂದು
ಹರಕೆ ಹೊತ್ತವರು ನಾವು.

ಅಲ್ಲಿ, ಒಂಬತ್ತನೇ ವಯಸ್ಸಿನಲ್ಲಿ,
ಟೀವಿಯ ಬಲ ಅಂಚಿಗೆ ಓಡಿದೆ.
ಗೋಡೆಗೆ ಹಾಯುತ್ತೇನೆಂಬ ಹೆದರಿಕೆಯಲ್ಲಿ ಬಟನ್ ಬಿಡುವುದೇ ಮರೆಯಿತು.
ಅಂಚು ಸರಿಯಿತು.
ಇನ್ನಷ್ಟು ನೆಲ, ಇನ್ನಷ್ಟು ಆಕಾಶ, ಒಂದು ಸೇತುವೆ.
ಇಷ್ಟನ್ನೂ ಡಬ್ಬಿಯೊಳಗೆ ಎಲ್ಲಿ ಮಡಚಿಟ್ಟಿದ್ದರು?
ಎದ್ದು ಹೋಗಿ ಟೀವಿಯ ಹಿಂದೆ ಇಣುಕಿದೆ.
ಕಾಕ ನಗಲಿಲ್ಲ. ಅವನೂ ಒಮ್ಮೆ ಇಣುಕಿದ್ದನಂತೆ.

ಆಮೇಲೆ ಮನೆಗೇ ಒಂದು ಬಂತು,
ಜೊತೆಗೆ ವಯರಿನ ಬಾಲದ ಕಿತ್ತಳೆ ಕೋವಿ.
ಅಪ್ಪ, ನಿವೃತ್ತ ಸುಬೇದಾರ್,
ಕೈಲ್ ಪೊಳ್ದ್ ದಿನ ಮರದ ತುದಿಯ ಕಾಯಿಯನ್ನು
ಒಂದೇ ಗುಂಡಿಗೆ ಇಳಿಸುವವರು,
ಹಾರುವ ಬಾತುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ.
ಉಸಿರು ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ, ಗಾಳಿಯ ಲೆಕ್ಕ ಹಾಕಿದರು,
ಗಾಳಿಯೇ ಇಲ್ಲದ ಕಡೆ.
"ಹಕ್ಕಿಗೆ ತೂಕವೇ ಇಲ್ಲ ದೇಚು, ಹೇಗೆ ಹೊಡೆಯಲಿ?"
ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.
ನನಗೆ ಉಳಿದದ್ದು ನಗುವಲ್ಲ.
ಆಟ ಮುಗಿದು ಅದನ್ನು ನನ್ನ ಕೈಗೆ ಕೊಡುವಾಗ
ಆ ಪ್ಲಾಸ್ಟಿಕ್ ಕೋವಿಯ ಮೂತಿ
ನೆಲಕ್ಕೆ ತಿರುಗಿತ್ತು.

ಕಾಲೇಜಿನ ಹೊತ್ತಿಗೆ ಆಟಗಳಿಗೆ ಆಳ ಬಂತು.
ನಡೆದಷ್ಟೂ ಊರು, ಊರ ತುಂಬ ಮಂಜು.
ಮೈಸೂರಿನ ಹುಡುಗರು ಹೇಳಿದರು: ಅದು ಮೋಸ,
ದೂರದ್ದನ್ನು ಬರೆಯುವ ತಾಕತ್ತು ಯಂತ್ರಕ್ಕಿಲ್ಲ,
ಅದಕ್ಕೇ ಹೊಗೆ ಹಾಕಿ ಮುಚ್ಚುತ್ತಾರೆ.
ಮೋಸವೇ? ಜುಲೈಯಲ್ಲಿ ಒಮ್ಮೆ ಕೋಟೆಯ ಬಾಗಿಲಿನಿಂದ
ಅಂಚೆ ಕಚೇರಿಯವರೆಗೆ ನಡೆದು ನೋಡಲಿ.
ಹತ್ತು ಹೆಜ್ಜೆಯಾಚೆ ನಮಗೂ ಯಾರೂ ಏನೂ ಬರೆದಿರುವುದಿಲ್ಲ.
ಕಾಲಿಟ್ಟ ಹಾಗೆ ಕಂಬ ಹುಟ್ಟುತ್ತದೆ, ನಾಯಿ ಹುಟ್ಟುತ್ತದೆ,
ಹಾಲಿನ ಕ್ಯಾನು ಮೊದಲು, ಹೊತ್ತ ಮನುಷ್ಯ ಆಮೇಲೆ.
ಹಾಸ್ಟೆಲಿನವರೆಲ್ಲ ಚೀರಿದ ಆ ಆಟದಲ್ಲಿ
ನಾನು ರಜೆಗೆ ಮನೆಗೆ ಹೋದವಳ ಹಾಗೆ ಓಡಾಡಿದೆ.

ಟೆಲಿಫೋನ್ ಎಕ್ಸ್‌ಚೇಂಜಿನ ರಾತ್ರಿ ಪಾಳಿ; ಬ್ರಾಡ್‌ಬ್ಯಾಂಡ್ ನಮ್ಮದೇ
(ಯಾರಿಗೂ ಹೇಳಬೇಡಿ).
ಹಿಮದ ಬೆಟ್ಟದಲ್ಲಿ ನನ್ನ ಬೆಂಕಿ ಆರಿತ್ತು.
ಯಾವ ದೇಶದವನೋ, ಹೆಸರು ಓದಲಾಗದ ಲಿಪಿ,
ಹತ್ತಿರ ಬಂದು ತನ್ನ ಸೌದೆ ಕೆಳಗಿಟ್ಟ,
ಎರಡು ಸಲ ನಿಂತಲ್ಲೇ ಜಿಗಿದ, ಹೋದ.
ಅಷ್ಟೆ. ಹದಿನಾರು ವರ್ಷವಾಯಿತು.
ಮದುವೆಗೆ ಯಾವ ಸೀರೆ ಎಂದರೆ ಫೋಟೋ ನೋಡಿ ಹೇಳಬೇಕು;
ಆ ಸೌದೆ, ನಾಲ್ಕು ಕಟ್ಟು.

ಗುಡ್ಡ ಜಾರಿದ ಆ ಆಗಸ್ಟಿನ ಮೇಲೆ
ಒಂದು ವರ್ಷ ಯಂತ್ರ ಮುಟ್ಟಲಿಲ್ಲ.
ನೆಲ ಕುಸಿಯುವ ಆಟ ಈಗಲೂ ಆಡುವುದಿಲ್ಲ.

ಮೊನ್ನೆ ಅಣ್ಣನ ಮಗ ಬಿದ್ದಪ್ಪ ಹೊಸದೊಂದು ತಂದ.
ಗುಹೆಯಿಂದ ಹೊರಬಂದರೆ ಎಲ್ಲೋ ದೂರದಲ್ಲಿ, ಉಗುರಿನಷ್ಟು, ಒಂದು ಶಿಖರ.
"ಅದು ಬರೀ ಚಿತ್ರವಲ್ಲ ಮಾವಿ, ಅಲ್ಲಿಗೆ ಹೋಗಬಹುದು."
ಹೋದೆ. ಮೂರು ಸಂಜೆ ಬೇಕಾಯಿತು,
ಅವನು ಹೋಮ್‌ವರ್ಕ್ ಮಾಡಿ, ಉಂಡು, ಬೇಸರವಾಗಿ ಮಲಗಿದ.
ತುದಿಯಲ್ಲಿ ನಿಂತು ಹಿಂತಿರುಗಿದೆ.
ಮಂಜಿಲ್ಲ. ಹಳ್ಳ, ಹಾದಿ, ದಾಟಿದ ಕಾಡು,
ಆ ಗುಹೆಯ ಬಾಯಿ, ಅದರ ಮುಂದೆ
ಮೊದಲ ಸಂಜೆ ನಾನೇ ಹೊತ್ತಿಸಿಟ್ಟ ಬೆಂಕಿಯ ಹೊಗೆ.
ನಾನು ನೋಡದಿದ್ದಾಗಲೂ
ಯಾರೋ ಅದನ್ನು ಉರಿಸುತ್ತಲೇ ಇದ್ದರು.

ಎದ್ದು ಹೋಗಿ ಟೀವಿಯ ಹಿಂದೆ ಇಣುಕಿದೆ, ಹಳೆಯ ಚಾಳಿ.
ಗೋಡೆಗೂ ಅದಕ್ಕೂ ನಡುವೆ ಒಂದು ಬೆರಳು ಜಾಗ,
ಜೇಡನ ಬಲೆ,
ಸ್ವಲ್ಪ ಬಿಸಿ.